ಮೂರು ಮಿಲಿಮೀಟರ್ ಆಚೆ ಸಿಕ್ಕ ಸಕಾರ

ಎರಡು ವರ್ಷ ನಮ್ಮ ಮನೆಯಲ್ಲಿ ತಿಮ್ಮಪ್ಪನಿಗೆ ಆಗುತ್ತಿದ್ದದ್ದು ಸುಪ್ರಭಾತ ಅಲ್ಲ, ‘ಶುಪ್ರಭಾತ’. ಅದೂ ಯಾರ ಕಂಠದಲ್ಲಿ? ಎಂ.ಎಸ್. ಸುಬ್ಬುಲಕ್ಷ್ಮಿಯವರ ಕಂಠದಲ್ಲಿ! 1963ರಲ್ಲಿ ಎಚ್‌ಎಂವಿ ಹೊರತಂದ ಎಲ್‌ಪಿ ಅದು. ತಟ್ಟೆಯ ಹೊರ ಅಂಚಿನಲ್ಲಿ ಎಲ್ಲ ಸರಿಯಾಗೇ ಇರುತ್ತಿತ್ತು. ಸೂಜಿ ಒಳಗೊಳಗೆ ಸರಿದ ಹಾಗೆ ಸಕಾರದ ಅಂಚು ಹರಿದು ಶಕಾರವಾಗುತ್ತಿತ್ತು. ಲೇಬಲ್ಲಿನ ಹತ್ತಿರ ಬರುವಷ್ಟರಲ್ಲಿ ಕಾದ ಬಾಣಲೆಗೆ ನೀರು ಚಿಮುಕಿಸಿದ ಸದ್ದು. ಪ್ಲೇಟು ಹಳೇದು, ಸವೆದಿದೆ ಅಂದುಕೊಂಡೆ. ಇನ್ನೊಂದು ಪ್ರತಿ ಹುಡುಕಿ ತಂದೆ. ಅದರಲ್ಲೂ ಶಕಾರ!

ಇದು ಸಾಲದೆಂಬಂತೆ ಬಸ್ಸಿನ ಕಾಟ ಬೇರೆ. ನಮ್ಮದು ತ್ಯಾಗರಾಜನಗರದಲ್ಲಿ ಮೊದಲ ಮಹಡಿಯ ಮನೆ, ಮುಖ್ಯರಸ್ತೆಗೆ ಕೂಗಳತೆ. ಬಿಎಂಟಿಸಿ ಬಸ್ಸು ತಿರುವಿನಲ್ಲಿ ಗೇರು ಬದಲಿಸಿದರೆ ಸ್ಪೀಕರಿನಿಂದ ‘ಗುಮ್’ ಅಂತ ಹೊರಡುತ್ತಿತ್ತು. ಸಂಪಿನ ಮೋಟಾರ್ ಹಾಕಿದರೆ ತಂಬೂರಿಯ ಜೊತೆಗೆ ಎರಡನೇ ಶ್ರುತಿ. ಮಗಳು ಸೋಫಾದಿಂದ ಧುಮುಕಿದರೆ ಸೂಜಿ ಒಂದು ಶ್ಲೋಕ ಹಾರಿ ಮುಂದಿನದಕ್ಕೆ. ತ್ಯಾಗರಾಜರ ಹೆಸರು ಹೊತ್ತ ಬಡಾವಣೆಯಲ್ಲಿ ಸಂಗೀತಕ್ಕೆ ಇಂಥಾ ಗತಿಯೇ ಅಂತ ನೊಂದುಕೊಂಡು, ಫೋನಿನಲ್ಲೇ ಹಾಡು ಕೇಳುವ ಜನರ ಸಾಲಿಗೆ ಮರಳುವುದರಲ್ಲಿದ್ದೆ.

ಪ್ಲೇಯರ್ ಅಮೆರಿಕಕ್ಕೆ ಹೊರಟವರೊಬ್ಬರಿಂದ ಕೊಂಡದ್ದು. ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದೆ. ಬೆಲ್ಟಿನಿಂದ ತಿರುಗುವ, ಒಳಗೆ ಮೂರು ಸ್ಪ್ರಿಂಗ್ ಇರುವ ಜಾತಿ ಅಂತ ಅವರು ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಹೋದದ್ದು ಒಂದು ಭಾನುವಾರ ಸಂಜೆ, ದೊಡ್ಡಪ್ಪ ಎನ್.ಆರ್. ಕಾಲೊನಿಯಿಂದ ನಡೆದುಕೊಂಡು ಕಾಫಿಗೆ ಬಂದಾಗ. ದೊಡ್ಡಪ್ಪ ಎಚ್‌ಎಂಟಿಯವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಯಿತಲ್ಲ, ಆ ಕೈಗಡಿಯಾರದ ಕಾರ್ಖಾನೆ. ಅಲ್ಲಿ ಸರ್ವೀಸು ಮುಗಿಸಿದವರು. ಇವತ್ತಿಗೂ ಅವರ ಜೇಬಿನಲ್ಲಿ ಕನ್ನಡಕದ ಜೊತೆಗೆ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಇರುತ್ತದೆ. ಲೋಟ ಕೆಳಗಿಟ್ಟು, ಪ್ಲೇಯರಿನ ಹತ್ತಿರ ಹೋಗಿ, ರೆಕಾರ್ಡು ಕೂರುವ ಪ್ಲ್ಯಾಟರಿನ ಅಂಚನ್ನು ಒಂದೇ ಬೆರಳಲ್ಲಿ ಮೆಲ್ಲಗೆ ಒತ್ತಿದರು. ಅದು ಮಿಸುಕಲಿಲ್ಲ.

“ಲೇ, ಇದು ಉಸಿರಾಡ್ತಾನೇ ಇಲ್ವಲ್ಲೋ!”

ಗಡಿಯಾರದವರ ಮಾತಂತೆ ಅದು. ಬ್ಯಾಲೆನ್ಸ್ ಚಕ್ರದ ಮೇಲಿನ ಕೂದಲೆಳೆಯಂಥ ಸ್ಪ್ರಿಂಗು ಸುರುಳಿ ಬಿಚ್ಚಿ ಸುರುಳಿ ಕಟ್ಟುವಾಗ ಎಲ್ಲ ಕಡೆಗೂ ಸಮನಾಗಿ ಹಿಗ್ಗಿ ಕುಗ್ಗಬೇಕು, ಒಂದು ಪಕ್ಕಕ್ಕೆ ವಾಲಬಾರದು. ಹಾಗಿದ್ದರೆ ಉಸಿರಾಡ್ತಿದೆ ಅನ್ನುತ್ತಾರೆ. ನನ್ನ ಪ್ಲೇಯರಿಗೆ ಉಸಿರು ನಿಂತು ಎಷ್ಟು ಕಾಲವಾಗಿತ್ತೋ!

ಪ್ಲ್ಯಾಟರ್ ಎತ್ತಿಟ್ಟೆವು, ಬೆಲ್ಟು ತೆಗೆದೆವು, ಸೂಜಿಗೆ ಮುಚ್ಚಳ ಹಾಕಿ ಅದನ್ನು ಹೊತ್ತ ಆರ್ಮನ್ನು ದಾರದಿಂದ ಕಟ್ಟಿದೆವು, ಇಡೀ ಯಂತ್ರವನ್ನು ದಿಂಬುಗಳ ಮೇಲೆ ಮಗುಚಿ ತಳದ ಹಲಗೆಯ ಸ್ಕ್ರೂ ಬಿಚ್ಚಿದೆವು. ಒಳಗೆ ಕಂಡದ್ದನ್ನು ಹೇಗೆ ಹೇಳಲಿ! ಸಾಗಿಸುವಾಗ ಅಲುಗಾಡದಿರಲೆಂದು ಬಿಗಿಯುವ ಸ್ಕ್ರೂಗಳು ಬಿಗಿದ ಹಾಗೇ ಇವೆ. ಅದರ ಮೇಲೆ ಯಾವನೋ ಪುಣ್ಯಾತ್ಮ ಮೂರು ಸ್ಪ್ರಿಂಗಿನ ಪಕ್ಕದಲ್ಲೂ ಸ್ಪಂಜು ತುರುಕಿದ್ದಾನೆ. ಆರ್ಮಿನಿಂದ ಬರುವ ಕೇಬಲ್ಲನ್ನು ತಂತಿವಾದ್ಯದ ಹಾಗೆ ಬಿಗಿಯಾಗಿ ಎಳೆದು ಕ್ಲಿಪ್ಪು ಹಾಕಿದ್ದಾನೆ. ತೊಟ್ಟಿಲು ತೂಗುತ್ತದಲ್ಲ ಅಂತ ಗಾಬರಿಯಾಗಿ ಅದನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ ಹಾಗೆ!

ನನಗೆ ಬೆರಗು ಹಿಡಿದದ್ದು ಇಲ್ಲಿಂದಲೇ. ಆ ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ ಇದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಹೊರಗಿನ ಮರದ ಚೌಕಟ್ಟಿಗೆ ಮೋಟಾರು ಅಂಟಿಕೊಂಡಿದೆ. ಒಳಗೊಂದು ಲೋಹದ ಚೌಕಟ್ಟು, ಅದರ ಮೇಲೆ ಪ್ಲ್ಯಾಟರಿನ ಬೇರಿಂಗು ಮತ್ತು ಟೋನ್ ಆರ್ಮು, ಎರಡೂ ಒಂದೇ ನೆಲದ ಮೇಲೆ ನಿಂತ ಅಣ್ಣತಮ್ಮಂದಿರಂತೆ. ಈ ಒಳಚೌಕಟ್ಟು ಮೂರು ಸ್ಪ್ರಿಂಗಿನ ಮೇಲೆ ತೇಲುತ್ತದೆ. ಹೊರಗಿನ ಲೋಕಕ್ಕೂ ಅದಕ್ಕೂ ಇರುವ ನಂಟು ಒಂದು ರಬ್ಬರ್ ಬೆಲ್ಟು, ಒಂದು ಸಣ್ಣ ಕೇಬಲ್ಲು, ಅಷ್ಟೇ. ಎಡ್ಗರ್ ವಿಲ್ಚರ್ ಎಂಬ ಅಮೆರಿಕನ್ನರು 1961ರಲ್ಲಿ ತಮ್ಮ ಎಆರ್ ಪ್ಲೇಯರಿನಲ್ಲಿ ಈ ಮೂರು ಸ್ಪ್ರಿಂಗಿನ ಉಪಾಯವನ್ನು ಜನಪ್ರಿಯ ಮಾಡಿದರು; ಥೋರೆನ್ಸ್, ಸ್ಕಾಟ್‌ಲೆಂಡಿನ ಲಿನ್, ಈ ಕಂಪನಿಗಳೂ ಅದೇ ದಾರಿಯಲ್ಲಿ ನಡೆದವು. 1961! ಎಚ್‌ಎಂಟಿಯ ಗಡಿಯಾರ ಟಿಕ್ ಅನ್ನಲು ಶುರು ಮಾಡಿದ ವರ್ಷವೇ. ಇದನ್ನು ಕೇಳಿ ದೊಡ್ಡಪ್ಪನ ಮುಖ ಅರಳಿದ್ದು ನೋಡಬೇಕಿತ್ತು.

ಸ್ಪಂಜು ಕಿತ್ತೆವು. ಸ್ಕ್ರೂ ಸಡಿಲಿಸಿದೆವು. ಕೇಬಲ್ಲಿಗೆ ಸಣ್ಣ ಕುಣಿಕೆಯಷ್ಟು ಸಡಿಲ ಬಿಟ್ಟು ಮತ್ತೆ ಕ್ಲಿಪ್ಪು ಹಾಕಿದೆವು. ಪ್ಲ್ಯಾಟರು, ಮ್ಯಾಟು, ಮೇಲೊಂದು ರೆಕಾರ್ಡು, ಎಲ್ಲ ಇಟ್ಟು, ಈಗ ಅದೇ ಬೆರಳು, ಅದೇ ಅಂಚು. ಅಬ್ಬಾ! ಇಡೀ ಪ್ಲ್ಯಾಟರು ಮಗು ಉಸಿರು ಬಿಟ್ಟ ಹಾಗೆ ಇಳಿದು, ಏರಿ, ಮತ್ತೆ ಇಳಿಯಿತು. ಆದರೆ ಮೂರನೇ ಸಲಕ್ಕೆ ಪಕ್ಕಕ್ಕೆ ವಾಲಾಡತೊಡಗಿತು.

“ತೊಟ್ಟಿಲಿನ ಹಾಗೆ ತೂಗಬಾರದು ಕಣೋ. ಒನಕೆ ಹಾಗೆ, ನೆಟ್ಟಗೆ ಮೇಲೆ, ನೆಟ್ಟಗೆ ಕೆಳಗೆ.”

ಆ ಒನಕೆಯ ಹಾದಿ ಹಿಡಿಯಲು ನಮಗೆ ಎರಡೂವರೆ ಗಂಟೆ ಬೇಕಾಯಿತು. ಮೊದಲು ಗೋಡೆಯೊಳಗೆ ಕಟ್ಟಿರುವ ಕಡಪ ಕಲ್ಲಿನ ಶೆಲ್ಫ್ ಖಾಲಿ ಮಾಡಿ ಪ್ಲೇಯರನ್ನು ಅಲ್ಲಿಗೆ ಸಾಗಿಸಿದೆವು. ಹಳೇ ಬೆಂಗಳೂರಿನ ಮನೆಗಳಲ್ಲಿ ಪಾತ್ರೆ, ಪುಸ್ತಕ, ಉಪ್ಪಿನಕಾಯಿ ಜಾಡಿಗೆಂದು ಗೋಡೆಗೆ ಕೂಡಿಸಿದ ಈ ಕಪ್ಪು ಕಲ್ಲಿಗಿಂತ ಒಳ್ಳೆ ಪೀಠ ದುಡ್ಡು ಕೊಟ್ಟರೂ ಸಿಗಲಾರದು. ಮರದ ನೆಲದ ದೇಶಗಳಲ್ಲಿ ಜನ ಇದಕ್ಕೆಂದೇ ಗೋಡೆಗೆ ಶೆಲ್ಫು ಹೊಡೆಸುತ್ತಾರೆ. ನಮ್ಮ ಮೇಸ್ತ್ರಿ ಅದನ್ನು ಉಪ್ಪಿನಕಾಯಿಗಾಗಿ ಮಾಡಿಟ್ಟಿದ್ದ! ರಸಮಟ್ಟ ಇಟ್ಟು ಗುಳ್ಳೆ ನಡುವೆ ನಿಲ್ಲುವ ತನಕ ಕಾಲಡಿ ಕಾರ್ಡಿನ ಚೂರು ಕೊಟ್ಟೆವು. ಆಮೇಲೆ ಮೂರು ನಟ್ಟು. ಒಂದನ್ನು ಕಾಲು ಸುತ್ತು ತಿರುಗಿಸಿದರೆ ಉಳಿದೆರಡು ಮುನಿಸಿಕೊಳ್ಳುತ್ತವೆ. ಮಟ್ಟ ಸಿಕ್ಕಿದರೆ ಕುಣಿತ ಕೆಡುತ್ತದೆ. ಕೊನೆಗೆ ದೊಡ್ಡಪ್ಪ ಸ್ಪ್ರಿಂಗನ್ನೇ ಕೂತಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸಿ ನೋಡತೊಡಗಿದರು. ಸುರುಳಿಯ ತುದಿ ಯಾವ ದಿಕ್ಕಿಗಿದೆಯೋ ಆ ಕಡೆಗೆ ಅದಕ್ಕೊಂದು ಸಣ್ಣ ಪಕ್ಷಪಾತವಿರುತ್ತದಂತೆ. ಮೂರು ಪಕ್ಷಪಾತಗಳನ್ನು ಒಂದಕ್ಕೊಂದು ಎದುರು ನಿಲ್ಲಿಸಿದಾಗ, ಇದ್ದಕ್ಕಿದ್ದಂತೆ, ಒನಕೆ!

ಫೋನಿನ ನಿಧಾನಗತಿಯ ವೀಡಿಯೊದಲ್ಲಿ ಹಿಡಿದೆ, ಸೆಕೆಂಡಿಗೆ 240 ಚಿತ್ರ. ಎಣಿಸಿದರೆ ಒಂದು ಏರಿಳಿತಕ್ಕೆ ಸರಿಯಾಗಿ 60. ಅಂದರೆ ಸೆಕೆಂಡಿಗೆ ನಾಲ್ಕು. ದೊಡ್ಡಪ್ಪ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಸ್ಪ್ರಿಂಗು ಭಾರಕ್ಕೆ ಎಷ್ಟು ಕುಸಿಯುತ್ತದೋ ಅದರಿಂದಲೇ ಅದರ ಕುಣಿತದ ವೇಗ ಗೊತ್ತಾಗುತ್ತದೆ. ಹದಿನಾರು ಮಿಲಿಮೀಟರ್ ಕುಸಿದರೆ ಸೆಕೆಂಡಿಗೆ ನಾಲ್ಕು. ಎರಡಕ್ಕೆ ಇಳಿಸಬೇಕೆಂದರೆ ಆರು ಸೆಂಟಿಮೀಟರಿಗೂ ಹೆಚ್ಚು ಕುಸಿಯಬೇಕು. ಅಷ್ಟು ಉದ್ದದ ಸ್ಪ್ರಿಂಗಿಗೆ ಪೆಟ್ಟಿಗೆಯಲ್ಲಿ ಜಾಗವೆಲ್ಲಿ? ಕುಣಿತದ ವೇಗಕ್ಕಿಂತ ಬಹಳ ಜೋರಾಗಿ ನಡುಗುವ ಯಾವುದನ್ನೂ ಸ್ಪ್ರಿಂಗು ಮೇಲಕ್ಕೆ ಬಿಡುವುದಿಲ್ಲ. ಸೆಕೆಂಡಿಗೆ ನಲವತ್ತು ಸಲ ನಡುಗುವ ಬಸ್ಸಿನ ಗುಡುಗು ಬಂದರೆ, ಲೆಕ್ಕದ ಪ್ರಕಾರ, ನೂರರಲ್ಲಿ ಒಂದು ಪಾಲು ಮಾತ್ರ ಒಳಗೆ.

ಇದಕ್ಕಿಂತ ಸೊಗಸಾದದ್ದು ಇನ್ನೊಂದಿದೆ. ಆರ್ಮು ಮತ್ತು ಅದರ ತುದಿಯ ಸೂಜಿಯ ಗೂಡು, ಅಂದರೆ ಕಾರ್ಟ್ರಿಡ್ಜು, ಸೇರಿ ತಮ್ಮದೇ ಒಂದು ಕುಣಿತ ಇಟ್ಟುಕೊಂಡಿರುತ್ತವೆ, ಸೆಕೆಂಡಿಗೆ ಎಂಟರಿಂದ ಹನ್ನೆರಡು ಇದ್ದರೆ ಕ್ಷೇಮ. ಸಂಗೀತ ಶುರುವಾಗುವುದು ಇಪ್ಪತ್ತರ ಮೇಲೆ. ನಾಲ್ಕು, ಹತ್ತು, ಇಪ್ಪತ್ತು: ಮೂವರು ಒಬ್ಬರ ಕಾಲು ಒಬ್ಬರು ತುಳಿಯದ ಹಾಗೆ ಮೆಟ್ಟಿಲಿನ ಮೇಲೆ ಕೂತಿದ್ದಾರೆ! ಮಗಳ ಕುಣಿತಕ್ಕೆ ಮಾತ್ರ ಔಷಧಿಯಿಲ್ಲ. ಮನುಷ್ಯರ ಹೆಜ್ಜೆ ಸೆಕೆಂಡಿಗೆ ಸುಮಾರು ಎರಡು, ಸ್ಪ್ರಿಂಗಿನ ನೆರೆಹೊರೆಯೇ. ಹೆಜ್ಜೆಯನ್ನು ಸ್ಪ್ರಿಂಗು ತಡೆಯುವುದಿಲ್ಲ. ಅದಕ್ಕೇ ಕಡಪ ಕಲ್ಲು.

ಪರೀಕ್ಷೆ ಮಾಡಿದೆವು. ತಿರುಗದೆ ನಿಂತ ರೆಕಾರ್ಡಿನ ಮೇಲೆ ಸೂಜಿ ಇಳಿಸಿ, ವಾಲ್ಯೂಮು ಏರಿಸಿ, ಶೆಲ್ಫಿನ ಮೇಲೆ ಗೆಣ್ಣಿನಿಂದ ಕುಟ್ಟುವುದು. ಮೊದಲೆಲ್ಲ ಹೀಗೆ ಕುಟ್ಟಿದರೆ ಸ್ಪೀಕರಿನಲ್ಲಿ ಬಾಗಿಲು ಬಡಿದ ಸದ್ದು. ಈಗ? ನನ್ನ ಗೆಣ್ಣಿನ ಸದ್ದು ಕಲ್ಲಿನಿಂದ ಕೇಳಿತು, ಸ್ಪೀಕರಿನಿಂದ ಹೊರಟದ್ದು ಅದರ ನೆರಳಷ್ಟೇ. ಅಷ್ಟರಲ್ಲಿ ಕೆಳಗೆ ಬಸ್ಸು ಬಂತು, ಗೇರು ಬದಲಿಸಿತು, ಹೋಯಿತು. ನಾವಿಬ್ಬರೂ ಮಿಕಮಿಕ ಮುಖ ನೋಡಿಕೊಂಡೆವು.

ಆದರೂ ಸುಬ್ಬುಲಕ್ಷ್ಮಿಯವರು ‘ಶು’ ಅನ್ನುವುದನ್ನು ಬಿಟ್ಟಿರಲಿಲ್ಲ.

ದೊಡ್ಡಪ್ಪ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ ಬಗ್ಗಿದರು. ಆಮೇಲೆ ನನ್ನನ್ನು ಕಿಟಕಿಗೆ ಕರೆದು ಕೆಳಗಿನ ಗೇಟು ತೋರಿಸಿದರು. ನಮ್ಮ ಗೇಟು ಜೋತುಬಿದ್ದು ಅಂಗಳದ ಸಿಮೆಂಟಿನ ಮೇಲೆ ಕಾಲು ಚಂದ್ರನ ಗೆರೆ ಕೊರೆದಿದೆ. ಪ್ರತಿದಿನ ದಾಟುತ್ತೇನೆ, ಒಂದು ದಿನವೂ ಅದು ಪಾಠ ಅಂತ ಅನ್ನಿಸಿರಲಿಲ್ಲ.

“ರೆಕಾರ್ಡು ಕೊರೆಯೋ ಯಂತ್ರದ ಉಳಿ ಅಂಚಿಂದ ನಡುವಿಗೆ ನೇರ ಗೆರೇಲಿ ಬರತ್ತೆ. ನಿನ್ನ ಆರ್ಮು ಆ ಗೇಟಿನ ಥರ. ಒಂದು ಕಡೆ ಕೀಲು, ಇನ್ನೊಂದು ತುದಿ ಕಮಾನು. ನೇರ ಬಂದಿದ್ದನ್ನ ಕಮಾನಿನ ಮೇಲೆ ನಿಂತು ಓದಬೇಕು. ಹೇಗೆ ಓದ್ತೀಯ?”

ಹೇಗೆ ಓದುವುದು! ಈ ತೊಡಕನ್ನು ಬಿಡಿಸಲು ಮನುಷ್ಯರು ಪಟ್ಟ ಪಾಡಿನ ಕತೆ ನೂರು ವರ್ಷದ್ದು. 1924ರಲ್ಲಿ ಇಂಗ್ಲೆಂಡಿನ ಪರ್ಸಿ ವಿಲ್ಸನ್ ಇದರ ರೇಖಾಗಣಿತವನ್ನು ‘ದಿ ಗ್ರಾಮಫೋನ್’ ಪತ್ರಿಕೆಯಲ್ಲಿ ಬಿಡಿಸಿಟ್ಟರು. 1938ರಲ್ಲಿ ಸ್ವೀಡನ್ನಿನ ಎರಿಕ್ ಲೋಫ್‌ಗ್ರೆನ್, 1941ರಲ್ಲಿ ಬೇರ್‌ವಾಲ್ಡ್, ಇಬ್ಬರೂ ಪೂರ್ತಿ ಲೆಕ್ಕ ಕಟ್ಟಿದರು. ಆರ್ಮಿನ ತುದಿಯನ್ನು ಇಪ್ಪತ್ತು ಡಿಗ್ರಿಗೂ ಸ್ವಲ್ಪ ಹೆಚ್ಚು ಒಳಕ್ಕೆ ಬಾಗಿಸಿ, ಸೂಜಿ ನಡುಗೂಟವನ್ನು ದಾಟಿ ಹದಿನೈದು ಹದಿನೆಂಟು ಮಿಲಿಮೀಟರ್ ಮುಂದೆ ಹೋಗುವ ಹಾಗೆ ಕೂರಿಸಿದರೆ, ಆ ಕಮಾನಿನ ಮೇಲೆ ಎರಡೇ ಎರಡು ಕಡೆ ಸೂಜಿ ಗೆರೆಗೆ ತಪ್ಪಿಲ್ಲದೆ ನೇರ ನಿಲ್ಲುತ್ತದೆ. ನಡುವಿನಿಂದ 120.9 ಮಿಲಿಮೀಟರ್ ದೂರದಲ್ಲಿ ಒಂದು, 66ರಲ್ಲಿ ಇನ್ನೊಂದು. ಉಳಿದ ಕಡೆ ಸಣ್ಣ ತಪ್ಪು, ಎರಡು ಡಿಗ್ರಿಯ ಆಸುಪಾಸು. ಮೈ ಜುಮ್ಮೆನ್ನಿಸುವುದು ಇದು: ಎಲ್‌ಪಿ ಹುಟ್ಟಿದ್ದೇ 1948ರಲ್ಲಿ! ನನ್ನ ಎಲ್‌ಪಿಯನ್ನು ಸರಿಯಾಗಿ ಓದುವ ಲೆಕ್ಕ, ಎಲ್‌ಪಿ ಎಂಬುದು ಇಲ್ಲದ ಕಾಲದಲ್ಲೇ ಸಿದ್ಧವಾಗಿ ಕೂತಿತ್ತು.

“ರಾಹು ಕೇತು” ಅಂದರು ದೊಡ್ಡಪ್ಪ, ನಗುತ್ತಾ. ಸೂರ್ಯನ ದಾರಿ, ಚಂದ್ರನ ದಾರಿ ಒಂದನ್ನೊಂದು ಕತ್ತರಿಸುವ ಎರಡು ಬಿಂದುಗಳು ತಾನೇ ರಾಹು ಕೇತು? ನೇರ ಗೆರೆ ಮತ್ತು ಕಮಾನಿನ ಜಗಳದಲ್ಲೂ ಎರಡೇ. ಆದರೆ ಗ್ರಹಣ ಇಲ್ಲಿ ಅವುಗಳ ಹೊರಗೆ!

ನಡುವೆ ಒಂದು ಮಾತು. ನಮ್ಮ ಸೀಮೆಗೆ ಪ್ಲೇಟಿನ ಹುಚ್ಚು ಹೊಸದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ, ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿ ಪ್ಲೇಟಿಗೆ ಸೇರಿಸಿದ ಗೌಹರ್ ಜಾನ್ ಕೊನೆಗಾಲ ಕಳೆದದ್ದು, 1930ರಲ್ಲಿ ತೀರಿಕೊಂಡದ್ದು ಮೈಸೂರಿನಲ್ಲಿ. ಆಗಿನ ಸೌಂಡ್ ಬಾಕ್ಸು ನೂರು ಗ್ರಾಮಿಗೂ ಹೆಚ್ಚು ಭಾರ ಹೇರಿ ಉಕ್ಕಿನ ಮುಳ್ಳಿನಿಂದ ಉಳುತ್ತಿತ್ತು, ಒಂದು ಮುಳ್ಳು ಒಂದು ಬದಿಗೆ ಸಾಕು. ಎಲ್‌ಪಿ ಹುಟ್ಟಿದ ಹೊತ್ತಿಗೆ ಜಯಚಾಮರಾಜ ಒಡೆಯರು ರಷ್ಯದ ಮೆಟ್ನರ್ ಎಂಬ ಸಂಗೀತಕಾರರ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟಿದ್ದರು. ಮೈಸೂರಿನ ದುಡ್ಡು, ರಷ್ಯದ ಪಿಯಾನೊ, ಎಚ್‌ಎಂವಿಯ ಪ್ಲೇಟು! ಇರಲಿ.

ಕಾರ್ಟ್ರಿಡ್ಜನ್ನು ಕೂರಿಸಲು ಆ ಎರಡು ಬಿಂದುಗಳಿರುವ ಕಾಗದದ ನಕ್ಷೆ ಬೇಕು. ಬೀದಿ ತುದಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿ ಓಡಿಬಂದೆ, ನಡುವೆ ತೂತು ಮಾಡಿ ಗೂಟಕ್ಕೆ ಸಿಕ್ಕಿಸಿ ಒಂದು ಗಂಟೆ ಒದ್ದಾಡಿ ಕೂರಿಸಿದೆ. ಹಾಕಿ ಕೇಳಿದರೆ, ‘ಶು’! ಅಳು ಬರುವುದೊಂದು ಬಾಕಿ. ದೊಡ್ಡಪ್ಪ ಮಾತಾಡದೆ ಚೀಲದಿಂದ ವರ್ನಿಯರ್ ಕ್ಯಾಲಿಪರ್ಸ್ ತೆಗೆದು ಕಾಗದದ ಅಂಚಿನಲ್ಲಿದ್ದ ನೂರು ಮಿಲಿಮೀಟರಿನ ಗೆರೆ ಅಳೆದರು. ತೊಂಬತ್ತೇಳು! ಪ್ರಿಂಟರು ಹಾಳೆಗೆ ಹಿಡಿಸಲೆಂದು ಇಡೀ ನಕ್ಷೆಯನ್ನು ನೂರಕ್ಕೆ ಮೂರರಷ್ಟು ಕುಗ್ಗಿಸಿಬಿಟ್ಟಿತ್ತು. ನನ್ನ 120.9 ಅಲ್ಲಿ 117 ಆಗಿತ್ತು. ರಾಹು ಕೇತುಗಳನ್ನೇ ಜಾಗ ಬದಲಿಸಿದ ಜೆರಾಕ್ಸು!

ಎರಡನೇ ಪ್ರಿಂಟು ಅಳತೆಗೆ ಸರಿಯಿತ್ತು. ಈಗ ಹತ್ತಿರದಿಂದ ನೋಡಿ. ಕಾರ್ಟ್ರಿಡ್ಜು ಕೂರುವ ಹೆಡ್‌ಶೆಲ್ಲಿನಲ್ಲಿ ಎರಡು ಉದ್ದನೆಯ ಸೀಳು, ಎರಡು ಸಣ್ಣ ಸ್ಕ್ರೂ. ಬಿಗಿಯಬಾರದು, ಸಡಿಲವೂ ಇರಬಾರದು. ಬೆರಳಿನ ಉಗುರು ತಾಕಿದರೆ ಸರಿಯುವಷ್ಟು. ಸೂಜಿಯ ತುದಿಯನ್ನು ಕಾಗದದ ಚುಕ್ಕೆಯ ಮೇಲೆ ಇಳಿಸಬೇಕು. ವಜ್ರದ ಆ ತುದಿ ಬರಿಗಣ್ಣಿಗೆ ಕಾಣದು. ಭೂತಗನ್ನಡಿಯಲ್ಲಿ ಅಕ್ಕಿ ನುಚ್ಚಿನ ಮೂಲೆಯ ಹಾಗೆ ಹೊಳೆಯುತ್ತದೆ. ಅದನ್ನು ಹೊತ್ತ ಕಡ್ಡಿ ನಕ್ಷೆಯ ಗೆರೆಗಳಿಗೆ ಸಮಾನಾಂತರ ಇರಬೇಕು. ಹೊರ ಬಿಂದುವಿನಲ್ಲಿ ಸರಿ ಮಾಡಿದರೆ ಒಳ ಬಿಂದುವಿನಲ್ಲಿ ಓರೆ, ಒಳಗೆ ಸರಿ ಮಾಡಿದರೆ ಹೊರಗೆ ಓರೆ. ಉಸಿರು ಬಿಗಿಹಿಡಿದು ಒಂದು ಕೂದಲಿನಷ್ಟು ಮುಂದಕ್ಕೆ, ಮತ್ತೊಂದು ಕೂದಲಿನಷ್ಟು ಎಡಕ್ಕೆ. ಏಳನೇ ಸಲ ಎರಡೂ ಕಡೆ ನೇರ. ಮೊದಲಿದ್ದ ಜಾಗಕ್ಕೂ ಈಗಿನ ಜಾಗಕ್ಕೂ ಎಷ್ಟು ದೂರ? ಮೂರು ಮಿಲಿಮೀಟರ್! ಅಷ್ಟಕ್ಕೇ ಒಳಗಿನ ಗೆರೆಗಳಲ್ಲಿ ಸೂಜಿ ಮೂರು ಡಿಗ್ರಿಯ ಹತ್ತಿರ ಓರೆಯಾಗಿ ನಿಂತಿತ್ತು.

ಆಮೇಲಿನ ಕೆಲಸ ಬೇಗ ಆಯಿತು. ಪುಟ್ಟ ಕನ್ನಡಿಯ ಮೇಲೆ ಸೂಜಿ ಇಳಿಸಿ, ಹೆಡ್‌ಶೆಲ್ಲೂ ಅದರ ಪ್ರತಿಬಿಂಬವೂ ಒಂದೇ ನೇರ ಇದೆಯೇ ನೋಡಿದೆವು. ಆರ್ಮು ತಟ್ಟೆಗೆ ಸಮಾನಾಂತರ ಇದೆಯೇ ನೋಡಿದೆವು. ಸೂಜಿಯ ಭಾರ 1.8 ಗ್ರಾಮು. ಚಿನಿವಾರರ ಲೆಕ್ಕದಲ್ಲಿ ಸುಮಾರು ಹದಿನೈದು ಗುಲಗಂಜಿ. ಹದಿನೈದು ಗುಲಗಂಜಿ! ಆದರೆ ತುದಿ ಗೆರೆಯನ್ನು ಮುಟ್ಟುವ ಜಾಗ ಎಷ್ಟು ಕಿರಿದೆಂದರೆ, ಆ ಬಿಂದುವಿನಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ ಟನ್ನುಗಳ ಲೆಕ್ಕಕ್ಕೆ ಹೋಗುತ್ತದೆ. ಓರೆ ನಿಂತ ವಜ್ರ ಎರಡು ವರ್ಷ ನನ್ನ ಪ್ಲೇಟುಗಳಿಗೆ ಏನು ಮಾಡಿರಬಹುದು ಅಂತ ಯೋಚಿಸಲೂ ಭಯ.

ಸುಪ್ರಭಾತವನ್ನೇ ಯಾಕೆ ಪರೀಕ್ಷೆಗೆ ಹಿಡಿದೆವು? ಇದು ನನ್ನ ಸ್ವಂತ ಶೋಧ, ಸ್ವಲ್ಪ ಜಂಬ ಪಡುತ್ತೇನೆ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂಚಿನಲ್ಲೂ ಅಷ್ಟೇ, ನಡುವೆಯೂ ಅಷ್ಟೇ. ಹಾಗಾಗಿ ಹೊರ ಅಂಚಿನಲ್ಲಿ ಸೂಜಿಯಡಿ ಒಂದು ಸೆಕೆಂಡಿಗೆ 51 ಸೆಂಟಿಮೀಟರ್ ಗೆರೆ ಹರಿದರೆ, ಒಳಗೆ ಲೇಬಲ್ಲಿನ ಬಳಿ ಬರೀ 21. ಒಂದೇ ಮಾತನ್ನು ಮೊದಲು ಇಡೀ ಪುಟದಲ್ಲಿ ಬರೆದು, ಕೊನೆಗೆ ಪೋಸ್ಟ್‌ಕಾರ್ಡಿನ ಮೂಲೆಗೆ ತುರುಕಿದ ಹಾಗೆ. ಸಕಾರ ಎನ್ನುವುದು ಗಾಳಿಯ ಅತಿ ಸಣ್ಣ, ಅತಿ ವೇಗದ ನಡುಕ. ಜಾಗ ಸಾಲದಾದಾಗ ಮೊದಲು ನಜ್ಜುಗುಜ್ಜಾಗುವುದು ಅದೇ. ಸುಪ್ರಭಾತದಲ್ಲೋ, ಶ್ಲೋಕಕ್ಕೆ ಶ್ಲೋಕ ಮುಗಿಯುವುದೇ ಆ ‘ಸು’ ಇರುವ ಪದದಿಂದ! ಸೂಜಿ ಒಳಗೆ ಸರಿದಂತೆ ಅದೇ ಅಕ್ಷರ, ಅದೇ ಕಂಠ, ಮತ್ತೆ ಮತ್ತೆ, ತಟ್ಟೆಯ ಮೇಲೆ ಗುರುತು ಹಾಕಿದ ಅಳತೆಗೋಲಿನ ಹಾಗೆ. ಜೊತೆಗೆ ಸ, ಶ, ಷ ಮೂರನ್ನೂ ಬೇರೆ ಬೇರೆ ಕೇಳಲು ಅಜ್ಜಿಯ ಕೈಯಲ್ಲಿ ಪೆಟ್ಟು ತಿಂದು ಕಲಿತ ಕಿವಿ. ಯಾವ ಪ್ರಯೋಗಶಾಲೆಯ ಟೆಸ್ಟ್ ರೆಕಾರ್ಡು ಇದಕ್ಕೆ ಸಾಟಿ!

ರಾತ್ರಿ ಹತ್ತೂಕಾಲು. ಬ್ರಷ್ಷಿನಲ್ಲಿ ಧೂಳು ಒರೆಸಿ ಸೂಜಿ ಇಳಿಸಿದೆ. ಮೊದಲ ಶ್ಲೋಕ, ಎರಡನೆಯದು. ಹೊರಗೆ ಚೆನ್ನಾಗಿದ್ದೇ ಇತ್ತು, ಇರಲಿ. ಸೂಜಿ ಮೊದಲ ಬಿಂದು ದಾಟಿತು. ತಂಬೂರಿ ಕೇಳಿಸತೊಡಗಿತು, ಎರಡು ವರ್ಷ ಅದು ಹಿಂದೆ ಎಲ್ಲೋ ಗುಂಯ್‌ಗುಟ್ಟುವ ಮಂಜಾಗಿತ್ತು, ಈಗ ಒಂದೊಂದು ತಂತಿಯ ಮೀಟೂ ಬೇರೆ ಬೇರೆ. ಜೊತೆಗೆ ಹಾಡುವ ರಾಧಾ ವಿಶ್ವನಾಥನ್ ಒಂದು ಪಕ್ಕಕ್ಕೆ ಸರಿದು ನಿಂತರು. ಅಷ್ಟು ದಿನ ಅವರು ಸುಬ್ಬುಲಕ್ಷ್ಮಿಯವರ ಸ್ವರದೊಳಗೇ ಅಡಗಿಹೋಗಿದ್ದರು. ನಡು ಭಾಗ. ಸು. ಮುಂದೆ. ಸು. ಲೇಬಲ್ಲು ಹತ್ತಿರವಾಗುತ್ತಿದೆ, ನಾನು ಅಂಗೈ ಬೆವರು ಒರೆಸಿಕೊಳ್ಳುತ್ತಿದ್ದೇನೆ. ಶಕಾರ ಶುರುವಾಗುತ್ತಿದ್ದ ಜಾಗ ಬಂತು. ಸು! ಮಗುವಿನ ಹಾಲುಹಲ್ಲಿನಂಥ ಸಕಾರ, ಶುಭ್ರ, ಸಣ್ಣ, ತನ್ನ ಜಾಗದಲ್ಲಿ. ಮತ್ತೊಂದು. ಮತ್ತೊಂದು! ಸವೆದಿದೆ ಅಂತ ನಾನು ತೀರ್ಪು ಕೊಟ್ಟಿದ್ದ ಆ ಪ್ಲೇಟಿನಲ್ಲಿ ಅಷ್ಟೂ ಸಕಾರಗಳು ಸಾಲಾಗಿ ಕೂತಿದ್ದವು, ಅರವತ್ತು ವರ್ಷದಿಂದ.

ದೊಡ್ಡಪ್ಪ ಕಣ್ಣಿನ ಭೂತಗನ್ನಡಿ ತೆಗೆದಿರಲೇ ಇಲ್ಲ. ಒಂದು ಕಣ್ಣು ದೊಡ್ಡದಾಗಿ, ಸೂಜಿಯ ಮೇಲೇ ಬಗ್ಗಿದ್ದರು.

ಬಾಗಿಲ ಕರೆಗಂಟೆ ಮೊಳಗಿತು. ಮೇಲಿನ ಮನೆಯ ಅಜ್ಜಿ, ಶಾಲು ಹೊದ್ದು ನಿಂತಿದ್ದಾರೆ.

“ಏನಪ್ಪಾ ಇದು, ರಾತ್ರಿ ಹತ್ತೂವರೆಗೆ ದೇವರನ್ನ ಎಬ್ಬಿಸ್ತಿದೀರಲ್ಲ! ಈಗ ತಾನೇ ಮಲಗಿರ್ತಾನೆ.”

ನಾನು ತಡವರಿಸುತ್ತಾ ಕ್ಷಮೆ ಕೇಳುವಷ್ಟರಲ್ಲಿ ಒಳಗಿನಿಂದ ದೊಡ್ಡಪ್ಪ ತಲೆ ಎತ್ತದೆ ಕೂಗಿದರು.

“ಬನ್ನಿ ತಾಯಿ, ಕೂತ್ಕೊಳ್ಳಿ. ಅರವತ್ತಾರನೇ ಮಿಲಿಮೀಟರ್ ಬರ್ತಾ ಇದೆ!”